ಉಗುರುಬೆಚ್ಚಗಿನ ಲೆಕ್ಕ

ಬಿಸಿಯಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ಆ ವಸ್ತುವನ್ನು ಮುಟ್ಟಿ ನೋಡದೆ ನನಗೆ ಸಮಾಧಾನವಿಲ್ಲ. ಯಾರೂ ಹೇಳದಿದ್ದರೂ ಮುಟ್ಟುತ್ತೇನೆ. ಮೊಬೈಲಿನ ಚಾರ್ಜರು, ಇಸ್ತ್ರಿಯ ಪ್ಲಗ್ಗು, ಫ್ರಿಜ್ಜಿನ ಪಕ್ಕೆ, ಟಿ.ವಿ.ಯ ಬೆನ್ನು, ಹೀಗೆ ಊಟಕ್ಕೆ ಕೂರುವ ಮುಂಚೆ ಮನೆಯೊಳಗೆ ಒಂದು ಸುತ್ತು ಹಾಕಿ ಎಲ್ಲದರ ಮೇಲೂ ಅಂಗೈ ಇಟ್ಟು ಬರುವುದು ನನ್ನ ಪದ್ಧತಿ. ಹೆಂಡತಿ ಇದಕ್ಕೆ ರೌಂಡ್ಸ್ ಎಂದು ಹೆಸರಿಟ್ಟಿದ್ದಾಳೆ. "ಡಾಕ್ಟರ್ ಸಾಹೇಬ್ರ ರೌಂಡ್ಸ್ ಮುಗೀತೇನ್ರಿ? ಪೇಶಂಟ್ ಎಲ್ಲಾ ಆರಾಮ ಅದಾವ? ಹಂಗಾದ್ರ ರೊಟ್ಟಿ ಬಡಸ್ತೀನಿ" ಅನ್ನುತ್ತಾಳೆ.

ನಮ್ಮ ಊರಿನಲ್ಲಿ ಈ ಚಟಕ್ಕೆ ಅರ್ಥವೇ ಇಲ್ಲ ಎಂಬುದು ಬೇರೆ ಮಾತು. ಕಲಬುರಗಿಯ ಮೇ ತಿಂಗಳಲ್ಲಿ ಕರೆಂಟಿನ ಸಂಬಂಧವೇ ಇಲ್ಲದ ವಸ್ತುಗಳೂ ಬಿಸಿಯಾಗಿರುತ್ತವೆ. ಬಾಗಿಲ ಚಿಲಕ ಬಿಸಿ, ನಲ್ಲಿಯ ನೀರು ಬಿಸಿ, ಹಾಸಿಗೆಯ ಮೇಲಿನ ದಿಂಬು ಬಿಸಿ. ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟನ್ನಂತೂ ಮಾತಾಡಿಸುವ ಹಾಗಿಲ್ಲ. ಇಂಥ ಊರಿನಲ್ಲಿ ಚಾರ್ಜರಿನ ಮೇಲೆ ಕೈಯಿಟ್ಟು, ಇದು ಅದರ ಬಿಸಿಯೋ ಊರಿನ ಬಿಸಿಯೋ ಎಂದು ಯೋಚಿಸುತ್ತ ನಿಲ್ಲುವವನನ್ನು ಹೆಂಡತಿ ಆಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ನಾನು ಡಾಕ್ಟರೂ ಅಲ್ಲ, ಇಂಜಿನಿಯರೂ ಅಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಐವತ್ತು ಹತ್ತಿರವಾದಾಗ ಜನ ಬೆಳಗಿನ ವಾಕಿಂಗ್ ಹಿಡಿಯುತ್ತಾರೆ, ಯೋಗ ಹಿಡಿಯುತ್ತಾರೆ. ನಾನು ಸೋಲ್ಡರಿಂಗ್ ಕಡ್ಡಿ ಹಿಡಿದೆ. ಕೋಟನೂರ ಕಡೆಯ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಒಂದು ಮೇಜು, ಮೇಜಿನ ತುಂಬ ತಂತಿಯ ತುಂಡು, ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಇದರಿಂದ ಮೊದಮೊದಲು ಹುಟ್ಟಿದ್ದು ಮಿಣುಕು ದೀಪಗಳು ಮಾತ್ರ. ಯಾರಿಗೂ ಉಪಕಾರವಿಲ್ಲ, ಅಪಕಾರವೂ ಇಲ್ಲ. ಹಾಗೇ ಇದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಮಾವನ ಕಾಲು ಮುರಿಯಿತು.

ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಅನ್ನುತ್ತೇವೆ. ಅಕ್ಕ ಮತ್ತು ಮಾವ ಇರುವುದು ಕಮಲಾಪುರದಲ್ಲಿ. ಕೆಂಪು ಬಾಳೆಹಣ್ಣು ತಿಂದವರಿಗೆ ಕಮಲಾಪುರ ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ಮಾವ ಆ ಬಾಳೆ ಬೆಳೆಯುವವರು. ಒಂದು ದಿನ ತೋಟದಲ್ಲಿ ಗೊನೆ ಹೊತ್ತುಕೊಂಡು ಬರುವಾಗ ಬದುವಿನ ಮೇಲೆ ಕಾಲು ಜಾರಿ ಬಿದ್ದರು. ಗೊನೆಗೆ ಏನೂ ಆಗಲಿಲ್ಲ, ತೊಡೆಯ ಎಲುಬು ಮುರಿಯಿತು. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಒಳಗೆ ಸಲಾಕೆ ಹಾಕಿ, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು ಎಂದು ಹೇಳಿ ಕಳಿಸಿದರು. ಒಂದು ಕಡೆ ಕೂತು ಚಹಾ ಕುಡಿದು ಗೊತ್ತಿಲ್ಲದ ಮನುಷ್ಯ ಮಾವ. ಅವರನ್ನು ಮೂರು ತಿಂಗಳು ಮಲಗಿಸುವುದೆಂದರೆ ಬಸ್ಸನ್ನು ಮನೆಯೊಳಗೆ ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದ ಹಾಗೆ. ಫ್ಯಾನ್ ಹಚ್ಚು, ಫ್ಯಾನ್ ಸಣ್ಣದು ಮಾಡು, ಕೂಲರ್ ಹಚ್ಚು, ಬಂದ್ ಮಾಡು, ಥಂಡಿ ಆಯ್ತು, ಲೈಟ್ ಯಾಕೆ ಹಚ್ಚೀದಿ, ಲೈಟ್ ಯಾಕೆ ಹಚ್ಚಿಲ್ಲ. ಅಡುಗೆಮನೆಗೂ ಮಾವನ ಕೋಣೆಗೂ ನಡುವೆ ಉದ್ದದ ಪಡಸಾಲೆ. ಮೊದಲೇ ಮೊಣಕಾಲು ನೋವಿನ ಅಕ್ಕ ಅದರಲ್ಲಿ ಹೋಗುತ್ತ ಬರುತ್ತ ಸುಸ್ತಾಗಿ ಒಂದು ದಿನ ಫೋನಿನಲ್ಲಿ ಅಂದಳು: "ತಮ್ಮಾ, ಮುರದದ್ದು ಅವರ ಕಾಲು, ಸವದದ್ದು ನನ್ನ ಕಾಲು."

ನಾನು ಆ ಮಾತು ಕೇಳಿ ನಕ್ಕೆ. ಫೋನ್ ಇಟ್ಟ ಮೇಲೆ ನಗು ಉಳಿಯಲಿಲ್ಲ. ಮೇಜಿನ ಮುಂದೆ ಕೂತು ನೋಟ್‌ಬುಕ್ಕಿನಲ್ಲಿ ಒಂದು ಡಬ್ಬಿಯ ಚಿತ್ರ ಬರೆದೆ. ನಾಲ್ಕು ದೊಡ್ಡ ಗುಂಡಿಗಳು ಮಾವನ ಕೈಯ ಹತ್ತಿರ. ಫ್ಯಾನು, ಕೂಲರು, ಲೈಟು, ಮತ್ತು ಅಕ್ಕನನ್ನು ಕರೆಯಲು ಒಂದು ಬೆಲ್ಲು. ಡಬ್ಬಿಯ ಒಳಗೆ ನಾಲ್ಕು ರಿಲೇ.

ರಿಲೇ ಎಂದರೆ ಸಕ್ಕರೆ ಅಚ್ಚಿನಷ್ಟು ದೊಡ್ಡದಾದ ಒಂದು ನೀಲಿ ಪೆಟ್ಟಿಗೆ. ಒಳಗೆ ಕೂದಲೆಳೆಯ ತಂತಿ ಸುತ್ತಿದ ಒಂದು ಸುರುಳಿ ಇರುತ್ತದೆ. ಸುರುಳಿಯಲ್ಲಿ ಚೂರು ಕರೆಂಟು ಹರಿದರೆ ಅದು ಆಯಸ್ಕಾಂತವಾಗಿ ಒಂದು ಕಬ್ಬಿಣದ ನಾಲಗೆಯನ್ನು ಟಕ್ ಎಂದು ಎಳೆದುಕೊಳ್ಳುತ್ತದೆ. ಆ ನಾಲಗೆಯ ಮೇಲಿಂದ ಮನೆಯ ದೊಡ್ಡ ಕರೆಂಟು ಫ್ಯಾನಿಗೆ ಹೋಗುತ್ತದೆ. ಸಣ್ಣವರು ಹೇಳಿದ್ದನ್ನು ದೊಡ್ಡವರು ಎದ್ದು ಮಾಡುವ ಪ್ರಸಂಗ ನಾನು ಕಂಡ ಹಾಗೆ ಪ್ರಪಂಚದಲ್ಲಿ ಇದೊಂದೇ. ಒಂದೇ ತೊಡಕು. ಫ್ಯಾನು ತಿರುಗುವಷ್ಟು ಹೊತ್ತೂ ಸುರುಳಿ ಆ ನಾಲಗೆಯನ್ನು ಹಿಡಿದುಕೊಂಡೇ ನಿಂತಿರಬೇಕು, ಅದಕ್ಕೆ ಕರೆಂಟು ತಿನ್ನಿಸುತ್ತಲೇ ಇರಬೇಕು.

ತಿನ್ನಿಸುವ ಕೆಲಸವನ್ನು ನಾನು ರೆಗ್ಯುಲೇಟರಿಗೆ ಕೊಟ್ಟೆ. ಅದು ಮೂರು ಕಾಲಿನ ಒಂದು ಕಪ್ಪು ಚಿಪ್ಪು. ಅಡಾಪ್ಟರಿನಿಂದ ಹನ್ನೆರಡು ವೋಲ್ಟು ತೆಗೆದುಕೊಂಡು ಐದು ವೋಲ್ಟು ಕೊಡುತ್ತದೆ. ಉಳಿದ ಏಳು ಎಲ್ಲಿ ಹೋಯಿತು ಎಂದು ಕೇಳಬೇಡಿ. ಅದನ್ನು ಮೈಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಹನ್ನೆರಡು ಮಾತು ಕೇಳಿಸಿಕೊಂಡು, ಐದಕ್ಕೆ ಹೂಂ ಅಂದು, ಉಳಿದ ಏಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇಯುವ ಜನ ಇರುತ್ತಾರಲ್ಲ, ಅವರ ಪೈಕಿ. ಮೊದಲ ಸಲ ಇದರ ಬಗ್ಗೆ ಓದಿದಾಗಲೇ ನನಗೆ ಇದು ನಮ್ಮ ಪೈಕಿಯದೆಂದು ಗೊತ್ತಾಗಿತ್ತು.

ಡಬ್ಬಿ ತಯಾರಾಯಿತು. ಒಬ್ಬರಿಗೆ ತೋರಿಸಿಯೇ ಒಯ್ಯೋಣವೆಂದು ಗಾಜಿಪುರದಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುವ ಉಸ್ತಾದರ ಅಂಗಡಿಗೆ ಹೋದೆ. ಅವತ್ತು ಶುಕ್ರವಾರ. ಉಸ್ತಾದರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮನೆಮಾತು ದಖನಿ ಉರ್ದು, ನನ್ನ ಜೊತೆ ಅರ್ಧ ಕನ್ನಡ. ಅವರು ಡಬ್ಬಿಯನ್ನು ಚಾಲೂ ಮಾಡಿ, ನಾಲ್ಕೂ ಗುಂಡಿ ಒತ್ತಿ, ರೆಗ್ಯುಲೇಟರಿನ ಮೇಲೆ ತೋರುಬೆರಳು ಇಟ್ಟರು. ಮೂರು ಎಣಿಸುವಷ್ಟರಲ್ಲಿ ತೆಗೆದರು. ನನ್ನ ಮುಖ ನೋಡಿದರು. ನಾನು ಆಗ ಗೋಡೆಯ ಮೇಲಿನ ಹಳೆಯ ವಾಲ್ವ್ ರೇಡಿಯೋ ನೋಡುತ್ತಿದ್ದೆ.

"ಮಾಸ್ಟರ್ ಸಾಬ್, ಏಕ್ ಘಂಟಾ ಛೋಡ್ ಕೋ ಜಾವ್. ಒಂದ್ ತಾಸ ಬಿಟ್ಟು ಬರ್ರಿ" ಅಂದರು.

ಯಾವುದೋ ಕಾಲು ಸಡಿಲ ಇರಬೇಕು, ಬೆಸುಗೆ ಹಾಕುತ್ತಾರೆ ಎಂದುಕೊಂಡು ಚಹಾ ಕುಡಿಯಲು ಹೋದೆ. ತಿರುಗಿ ಬಂದಾಗ ಅವರು ಮುಚ್ಚಳ ಹಾಕಿ ಕೊನೆಯ ಸ್ಕ್ರೂ ಬಿಗಿಯುತ್ತಿದ್ದರು. ತಲೆ ಎತ್ತದೆ, "ಬಾರಾ ಪೋ ಲಗಾ ದಿಯಾ, ಸಾಬ್" ಅಂದರು.

ಬಾರಾ ಎಂದರೆ ಹನ್ನೆರಡು. ನಾನು ಗೋಡೆಯ ಗಡಿಯಾರ ನೋಡಿದೆ. ಸರಿಯಾಗಿ ಹನ್ನೆರಡಕ್ಕೆ ಐದು ನಿಮಿಷ. ಶುಕ್ರವಾರದ ನಮಾಜಿಗೆ ಅಂಗಡಿ ಮುಚ್ಚುವ ಹೊತ್ತು, ಪಾಪ ಅವಸರದಲ್ಲಿದ್ದಾರೆ ಅನ್ನಿಸಿತು. "ಹೌದ್ರಿ, ಹೊತ್ತಾತು" ಅಂದೆ. ಅವರು ಡಬ್ಬಿಯನ್ನು ಕೈಗೆ ಕೊಡುತ್ತ, "ಅಬ್ ಠಂಡಾ..." ಎಂದು ಏನೋ ಹೇಳಿದರು. ಅವಸರದಲ್ಲೂ ಎಂಥ ಉಪಚಾರ! ನಾನು ಕೈ ಮುಗಿದು, "ಠಂಡಾ ಬೇಡ್ರಿ ಉಸ್ತಾದ್, ಗಂಟಲಾ ಹಿಡೀತದ. ಈಗಷ್ಟೇ ಚಹಾ ಆಗ್ಯಾದ" ಅಂದೆ. ಉಸ್ತಾದರು ನನ್ನನ್ನು ಒಂದು ಗಳಿಗೆ ನೋಡಿ, ಟೋಪಿ ಸರಿಮಾಡಿಕೊಂಡು ಷಟರ್ ಎಳೆದರು.

ಮರುದಿನ ಕಮಲಾಪುರಕ್ಕೆ ಒಯ್ದೆ. ಊರಿನ ವೈರ್‌ಮನ್ ಬಂದು ಡಬ್ಬಿಯನ್ನು ಮಾವನ ತಲೆದಿಂಬಿನ ಹತ್ತಿರ ಗೋಡೆಗೆ ಕೂರಿಸಿದ. ಮಾವ ಗುಂಡಿ ಒತ್ತಿದರು. ಟಕ್, ಫ್ಯಾನು. ಟಕ್, ಕೂಲರು. ಆಮೇಲೆ ಬೆಲ್ಲು ಒತ್ತಿದರು. ಅಡುಗೆಮನೆಯಿಂದ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನ್ ಬೇಕಾಗಿತ್ತುರಿ?"

"ಏನಿಲ್ಲ, ನಡೀತದೋ ಇಲ್ಲೋ ನೋಡ್ದೆ."

ಆ ಸಂಜೆಯೊಳಗೆ ಅಕ್ಕ ಬೆಲ್ಲಿಗೆ ಓಡಿ ಬರುವುದನ್ನು ಬಿಟ್ಟಳು, ಪಡಸಾಲೆಯ ಆಚೆಯಿಂದಲೇ "ನಡೀತದ ರೀ, ನಡೀತದ!" ಎಂದು ಕೂಗುವುದನ್ನು ಕಲಿತಳು. ಫ್ಯಾನಿಗೆ, ಲೈಟಿಗೆ ನಡೆಯುವುದಂತೂ ತಪ್ಪಿತು. "ಮಾಸ್ತರ, ಮೊದಲ್ನೇ ಸಲ ನಿನ್ನಿಂದ ಒಂದು ಕೆಲಸ ಆತು ನೋಡು" ಎಂದು ಮಾವ ಹೊಗಳಿದರು. ನಾನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗೆದ್ದವನ ಹಾಗೆ ಗಾಳಿಗೆ ಮುಖ ಕೊಟ್ಟುಕೊಂಡು ಬಂದೆ.

ಆ ಗಾಳಿ ನಾಲ್ಕು ದಿನ ಬಂತು. ಐದನೆಯ ದಿನ ಅಕ್ಕನ ಫೋನ್ ಬಂತು.

"ತಮ್ಮಾ, ನಿನ್ನ ಡಬ್ಬಿಗಿ ಒಂದು ಕುಬಸ ಹೊಲದೀನಿ ನೋಡು."

ನಮ್ಮ ಅಕ್ಕನ ಮನೆಯಲ್ಲಿ ಯಂತ್ರಗಳು ಬರಿಮೈಯಲ್ಲಿ ಇರುವ ಹಾಗಿಲ್ಲ. ಟಿ.ವಿ.ಗೆ ಕಸೂತಿಯ ಸೆರಗು, ಮಿಕ್ಸರಿಗೆ ಲಾಡಿ ಕಟ್ಟುವ ಲಂಗ, ಗ್ಯಾಸ್ ಸಿಲಿಂಡರಿಗೆ ನೆರಿಗೆಯಿಟ್ಟ ಫ್ರಾಕು. ಹೊಸ ಯಂತ್ರ ಮನೆಗೆ ಬಂದರೆ ವಾರದೊಳಗೆ ಅದರ ಅಳತೆ ತೆಗೆದುಕೊಳ್ಳುತ್ತಾಳೆ. ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

"ಎಂಥಾ ಬಟ್ಟಿ ಹಾಕೀದಿ ಅಕ್ಕಾ?"

"ಹಳೇ ಕೌದಿ ಇತ್ತಲ್ಲ, ಅದನ್ನ ಕತ್ತರಿಸಿ ಎರಡು ಪದರ ಮಾಡಿ ಹೊಲದೀನಿ. ಒಂದು ಚೂರೂ ಧೂಳ ಒಳಗ ಹೋಗಂಗಿಲ್ಲ. ಮುಟ್ಟಿ ನೋಡ್ದೆ, ಒಳಗ ಭಾಳ ಬೆಚ್ಚಗ ಅದ, ಪಾಪ."

ತೊಟ್ಟಿಲ ಕೂಸಿನ ಬಗ್ಗೆ ಹೇಳುವ ದನಿಯಲ್ಲೇ ಹೇಳಿದಳು. ನನ್ನ ಮೈ ಮಾತ್ರ ತಣ್ಣಗಾಯಿತು. ಯಾಕೆಂದರೆ ಬಿಸಿಯ ಲೆಕ್ಕವನ್ನು ನಾನು ಮಾಡಿಯೇ ಇರಲಿಲ್ಲ. ಅದುವರೆಗೆ ಮಾಡಿದ್ದ ಮಿಣುಕು ದೀಪಗಳಿಗೆ ಅಂಥ ಲೆಕ್ಕ ಬೇಕಾಗಿರಲಿಲ್ಲ. ಡಬ್ಬಿಯನ್ನೂ ಮನೆಯಲ್ಲಿ ಒಂದೊಂದೇ ಗುಂಡಿ ಒತ್ತಿ ಬಿಟ್ಟು ನೋಡಿದ್ದೆ, ಕಾಯುವಷ್ಟು ಹೊತ್ತು ಚಾಲೂ ಇಟ್ಟಿರಲಿಲ್ಲ.

ನೋಟ್‌ಬುಕ್ ತೆಗೆದೆ. ಐದು ವೋಲ್ಟಿನ ರಿಲೇಯ ಸುರುಳಿಯ ತಡೆ ಎಪ್ಪತ್ತು ಓಮ್. ಐದನ್ನು ಎಪ್ಪತ್ತರಿಂದ ಭಾಗಿಸಿದರೆ ಎಪ್ಪತ್ತೊಂದು ಮಿಲಿಆಂಪಿಯರ್. ಒಂದು ಸುರುಳಿ ತಿನ್ನುವುದು ಸುಮಾರು ಮೂರನೇ ಒಂದು ವ್ಯಾಟು, ಗುಬ್ಬಿಯ ಊಟ. ಆದರೆ ನಾಲ್ಕು ಗುಬ್ಬಿ, ಜೊತೆಗೆ ಅವಕ್ಕೆ ಆಜ್ಞೆ ಕೊಡುವ ಪುಟ್ಟ ಚಿಪ್ಪು, ಎಲ್ಲ ಸೇರಿ ಮುನ್ನೂರು ಮಿಲಿಆಂಪಿಯರ್. ಇದಿಷ್ಟೂ ರೆಗ್ಯುಲೇಟರಿನ ಮೈಯೊಳಗಿಂದ ಹಾಯಬೇಕು. ಅದು ಮೈಯಲ್ಲಿ ಇಟ್ಟುಕೊಳ್ಳುವ ಏಳು ವೋಲ್ಟಿನಿಂದ ಗುಣಿಸಿದೆ. ಎರಡು ವ್ಯಾಟು ದಾಟಿತು. ಬರಿಮೈಯ ರೆಗ್ಯುಲೇಟರು ಒಂದು ವ್ಯಾಟಿಗೆ ಅರವತ್ತೈದು ಡಿಗ್ರಿಯಷ್ಟು ಏರುತ್ತದೆ ಎಂದು ಅದನ್ನು ಮಾಡಿದವರು ಕೊಡುವ ಮಾಹಿತಿ ಕಾಗದದಲ್ಲಿದೆ. ಗುಣಿಸಿದೆ. ನೂರಾ ಮೂವತ್ತಾರು. ಇದು ಏರಿಕೆ ಮಾತ್ರ. ಇದರ ಮೇಲೆ ಕೋಣೆಯ ಬಿಸಿಯನ್ನು ಕೂಡಿಸಬೇಕು.

ಕೋಣೆಯ ಬಿಸಿ ಎಷ್ಟು? ಕಾಗದ ಇಪ್ಪತ್ತೈದು ಎಂದು ಹೇಳುತ್ತದೆ. ಯಾರ ಕೋಣೆ ಅದು? ಆ ಕಾಗದ ಬರೆದ ಪುಣ್ಯಾತ್ಮ ಎಲ್ಲಿ ಕೂತು ಬರೆದನೋ, ಕಿಟಕಿಯ ಆಚೆ ಏನು ಕಾಣುತ್ತಿತ್ತೋ, ಮೈಮೇಲೆ ಒಂದು ಶಾಲೂ ಇತ್ತೋ ಏನೋ. ಎಲ್ಲ ಪುಸ್ತಕಗಳಲ್ಲೂ ಕೋಣೆಯ ಉಷ್ಣತೆ ಎಂದರೆ ಇಪ್ಪತ್ತೈದೇ. ನಮ್ಮ ಜಿಲ್ಲೆಯಲ್ಲಿ ಇಪ್ಪತ್ತೈದು ಡಿಗ್ರಿ ಬಂದರೆ ಜನ ಕಿವಿಗೆ ಮಫ್ಲರ್ ಸುತ್ತುತ್ತಾರೆ. ನಾನು ಇಪ್ಪತ್ತೈದನ್ನು ಹೊಡೆದುಹಾಕಿ ನಲವತ್ತಮೂರು ಎಂದು ಬರೆದೆ. ಒಟ್ಟು ನೂರಾ ಎಂಬತ್ತರ ಹತ್ತಿರ. ನೂರಾ ಇಪ್ಪತ್ತೈದು ದಾಟಬೇಡಿ ಎಂಬುದು ಕಾಗದದ ಎಚ್ಚರಿಕೆ. ಅದರ ಮೇಲೆ ಎರಡು ಪದರದ ಕೌದಿ. ಕೌದಿಗೆ ವ್ಯಾಟಿಗೆಷ್ಟು ಡಿಗ್ರಿ ಎಂದು ಯಾವ ಕಾಗದದಲ್ಲೂ ಇಲ್ಲ.

ಮನಸ್ಸನ್ನು ಹಗುರ ಮಾಡಿಕೊಳ್ಳಲು ಇನ್ನೊಂದು ಲೆಕ್ಕ ಮಾಡಿದೆ. ಮಾವ ನಾಲ್ಕನ್ನೂ ಒಟ್ಟಿಗೆ ಹಚ್ಚುವುದಿಲ್ಲ, ಬರೀ ಫ್ಯಾನು ಮತ್ತು ಕೂಲರು ಅಂದುಕೊಳ್ಳೋಣ. ಆಗಲೂ ನೂರಾ ಹದಿನೈದು. ಅದೂ ಕೌದಿ ಬಿಟ್ಟು. ಅತಿ ಬಿಸಿಯಾದರೆ ರೆಗ್ಯುಲೇಟರು ತಾನೇ ಕೆಲಸ ನಿಲ್ಲಿಸಿ ಕೂರುತ್ತದೆ ಎಂದೂ ಕಾಗದದಲ್ಲಿ ಬರೆದಿತ್ತು. ಓದಿ ಒಂದು ಉಸಿರು ಬಿಟ್ಟೆ, ಅದು ಪೂರ್ತಿ ಹೊರಗೆ ಬರುವ ಮೊದಲೇ ಇನ್ನೊಂದು ಹೊಳೆಯಿತು. ಅದು ನಿಂತರೆ ರಿಲೇಗಳು ಕೈಬಿಡುತ್ತವೆ. ಫ್ಯಾನು, ಕೂಲರು ನಿಲ್ಲುತ್ತವೆ. ಬೆಲ್ಲೂ ಬಾರಿಸುವುದಿಲ್ಲ. ನಡುಮಧ್ಯಾಹ್ನ ಆ ಕೋಣೆಯಲ್ಲಿ ಏಳಲಾಗದ ಮನುಷ್ಯ. ನಿಲ್ಲದಿದ್ದರೆ ಕೌದಿ ಹೊಗೆಯಾಡುತ್ತದೆ, ಅದೂ ಅವರ ತಲೆದಿಂಬಿನ ಪಕ್ಕ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ನಿರ್ಧರಿಸಲಾಗದೆ ಫೋನ್ ಮಾಡಿದೆ.

"ಅಕ್ಕಾ, ಮೊದಲ ಆ ಕುಬಸ ತಗಿ. ಬೆಚ್ಚಗ ಅಂದ್ರ ಎಷ್ಟು ಬೆಚ್ಚಗ ಅದ ಹೇಳು."

"ಎಷ್ಟು ಅಂದ್ರ? ಬೆಚ್ಚಗ ಅಂದ್ರ ಬೆಚ್ಚಗ."

ಇಪ್ಪತ್ತೈದು ವರ್ಷ ಕನ್ನಡ ಪಾಠ ಮಾಡಿದವನಿಗೆ ಈ ಉತ್ತರ ಸಾಲದೆಂದು ಹೇಳುವ ಧೈರ್ಯ ಬರಲಿಲ್ಲ. ನಮ್ಮ ಭಾಷೆಯಲ್ಲಿ ಬಿಸಿಗೆ ಮೆಟ್ಟಿಲುಗಳಿವೆ. ಬೆಚ್ಚಗೆ, ಬಿಸಿ, ಕಾದದ್ದು, ಸುಡುವುದು, ಕೊತಕೊತ. ನಮ್ಮ ಕಡೆ ಇವುಗಳ ಮಧ್ಯೆ ಎಲ್ಲಿ ಬೇಕಾದರೂ ಗರಂ ಎಂಬುದನ್ನು ತೂರಿಸಬಹುದು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಉಗುರುಬೆಚ್ಚಗೆ. ಹಾಲಿಗೆ ಹೆಪ್ಪು ಹಾಕುವಾಗ, ಕೂಸಿಗೆ ನೀರು ಹಾಕುವಾಗ ಬೇಕಾಗುವ ಬಿಸಿ. ನಾನು ಈ ಪದದ ಬಗ್ಗೆ ಬಹಳ ಯೋಚಿಸಿದ್ದೇನೆ. ಉಗುರಿಗೆ ಬಿಸಿ ತಂಪು ಏನೂ ತಿಳಿಯುವುದಿಲ್ಲವಲ್ಲ. ಮೈಯಲ್ಲಿ ಇಷ್ಟೊಂದು ಜಾಗ ಇರುವಾಗ, ಬಿಸಿ ಅಳೆಯಲು ನಮ್ಮ ಹಿರಿಯರು ಏನೂ ತಿಳಿಯದ ಆ ಒಂದನ್ನೇ ಯಾಕೆ ನೇಮಿಸಿದರು? ಬಹುಶಃ ತಿಳಿದವರನ್ನು ಕೇಳಿದರೆ ಹೆದರಿಸುತ್ತಾರೆಂದಿರಬೇಕು.

ಅಂದಿನಿಂದ ದಿನಕ್ಕೆ ಮೂರು ಹೊತ್ತು ಫೋನು. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ. ಕುಬಸ ತೆಗೆದಿದ್ದೇನೆ ಎಂದಳು. ಮರುದಿನ ಕೇಳಿದರೆ, ಕಸ ಹೊಡೆಯುವಾಗ ಧೂಳೆಂದು ಮತ್ತೆ ತೊಡಿಸಿದ್ದಳು. ಡಬ್ಬಿಯನ್ನೇ ಬಂದ್ ಮಾಡಿಬಿಡು ಅಂದೆ. "ಮತ್ತ ನನ್ನ ಕಾಲು?" ಅಂದಳು. ಹಿಂದಿನಿಂದ ಮಾವನ ದನಿ ಕೇಳಿಸಿತು: "ಡಬ್ಬಿಗಿ ಏನ್ ಬಾಣಂತನ ನಡದದೇನು ಅಣ್ಣ ತಂಗಿದು?" ನಾನು ತಮ್ಮ, ಅಣ್ಣನಲ್ಲ. ಆದರೆ ತಿದ್ದುವ ಹೊತ್ತು ಅದಾಗಿರಲಿಲ್ಲ.

ಮೂರನೆಯ ದಿನ ಹೆಂಡತಿ ಎದುರಿಗೆ ಬಂದು ಕೂತಳು. "ಇಲ್ಲಿಂದ ಎಷ್ಟು ಮುಟ್ಟಿದ್ರೂ ಅದು ನಿಮ್ಮ ಕೈಗಿ ಹತ್ತಂಗಿಲ್ಲ. ಹೋಗಿ ರೌಂಡ್ಸ್ ಮುಗಿಸಿ ಬರ್ರಿ."

ಹೊರಟೆ. ಚೀಲದಲ್ಲಿ ಸ್ಕ್ರೂಡ್ರೈವರು, ರೆಗ್ಯುಲೇಟರಿನ ಬೆನ್ನಿಗೆ ಬಿಗಿದು ಬಿಸಿ ಇಳಿಸುವ, ಬಾಚಣಿಕೆಯಂಥ ಹಲ್ಲುಗಳ ಒಂದು ಅಲ್ಯೂಮಿನಿಯಂ ಹೀಟ್‌ಸಿಂಕು, ಮತ್ತು ಬಿಸಿ ಅಳೆಯಲು ಮನೆಯಲ್ಲಿದ್ದ ಒಂದೇ ಉಪಕರಣ, ಜ್ವರ ನೋಡುವ ಥರ್ಮಾಮೀಟರು. ಬಸ್ಸು ಹುಮನಾಬಾದ್ ರಸ್ತೆ ಹಿಡಿದ ಮೇಲೆ ಪ್ರತಿ ಸ್ಟಾಪಿನಲ್ಲೂ ಮಾವನ ಮನೆಯ ದಿಕ್ಕಿಗೆ ನೋಡಿದೆ. ಎಲ್ಲೋ ಹೊಲದಲ್ಲಿ ಯಾರೋ ಕಸ ಸುಡುವ ಹೊಗೆ ಕಂಡಿತು. ಅದು ಕಮಲಾಪುರಕ್ಕಿಂತ ಬಹಳ ಈಚೆಗೇ ಇತ್ತು. ಆದರೂ ಎದೆ ಒಂದು ಸಲ ಟಕ್ ಅಂದಿತು, ರಿಲೇಯ ಹಾಗೆ.

ಮನೆಯೊಳಗೆ ಕಾಲಿಟ್ಟಾಗ ಮಾವ ಕೂಲರಿನ ಗಾಳಿಗೆ ಬನಿಯನ್ ಮೇಲೆ ಮಾಡಿಕೊಂಡು ಸುಖವಾಗಿ ಮಲಗಿದ್ದರು. ಡಬ್ಬಿ ಗೋಡೆಯ ಮೇಲಿತ್ತು. ಮೈಮೇಲೆ ಕೆಂಪು, ಹಳದಿ, ಹಸಿರು ತೇಪೆಗಳ ಕೌದಿಯ ಕುಬಸ. ಗುಂಡಿ ಹಾಕುವ ಕಾಜಾ ಕೂಡ ಇತ್ತು. ನಿಜಕ್ಕೂ ಚಂದ ಹೊಲಿದಿದ್ದಳು.

"ಬಾರಪ್ಪ ಮಾಸ್ತರ" ಅಂದರು ಮಾವ. "ಪೇಶಂಟ್ ನಾನೋ, ಅದೋ?"

ನಾನು ಕುಬಸ ಬಿಚ್ಚಿದೆ. ಫ್ಯಾನು ಕೂಲರುಗಳ ಮನೆಯ ಕರೆಂಟಿನ ದಾರಿಯನ್ನು ಸ್ವಿಚ್ಚಿನಲ್ಲಿ ಬಂದ್ ಮಾಡಿ, ರಿಲೇಗಳಿಗೆ ಬರುವ ಅಡಾಪ್ಟರನ್ನು ಮಾತ್ರ ಚಾಲೂ ಇಟ್ಟು, ನಾಲ್ಕು ಸ್ಕ್ರೂ ತೆಗೆದೆ. ಫ್ಯಾನು ನಿಂತದ್ದಕ್ಕೆ ಮಾವ ಬೈಯತೊಡಗಿದರು. ಮುಚ್ಚಳ ತೆಗೆದು, ಸುಟ್ಟ ವಾಸನೆಗೆ ಮೂಗು ಸಿದ್ಧ ಮಾಡಿಕೊಂಡು, ರೆಗ್ಯುಲೇಟರಿನ ಹತ್ತಿರ ಬೆರಳು ಒಯ್ದೆ. ಎರಡು ಸಲ ಹಿಂದೆಗೆದೆ. ಮೂರನೆಯ ಸಲ ಮುಟ್ಟಿದೆ.

ಉಗುರುಬೆಚ್ಚಗಿತ್ತು.

ಬೆರಳು ತೆಗೆಯಲಿಲ್ಲ. ಮೂರು ಎಣಿಸಿದೆ, ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಥರ್ಮಾಮೀಟರಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿದೆ. ಒಂದು ನಿಮಿಷಕ್ಕೆ ಅದು ಕುಂಯ್ ಅಂದಿತು.

"ಎಷ್ಟ್ ತೋರಸ್ತದ?" ಅಂದರು ಮಾವ.

"ನೂರಾ ಒಂದು."

"ಜ್ವರ ಅದ. ಒಂದು ಗುಳಿಗಿ ಕೊಡು, ಫ್ಯಾನ್ ಹಚ್ಚು."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ನಿರಾಳವಾಗುತ್ತಿದ್ದರು. ಚಿಂತೆಯ ಅಭ್ಯಾಸ ಇರುವವರಿಗೆ ನಿರಾಳವೂ ಅನುಮಾನದ ವಸ್ತು. ಜ್ವರದ ನೂರಾ ಒಂದು ಎಂದರೆ ನನ್ನ ಲೆಕ್ಕದ ಮೂವತ್ತೆಂಟು ಡಿಗ್ರಿ. ಬಿಸಿಯಾಗಬೇಕಾದದ್ದು ಯಾಕೆ ಬಿಸಿಯಾಗಿಲ್ಲ? ನನ್ನ ಲೆಕ್ಕ ಸರಿಯಿದ್ದರೆ ಇದು ಸತ್ತಿರಬೇಕು. ಸತ್ತಿದ್ದರೆ ಈಗಷ್ಟೇ ಕೂಲರು ಹೇಗೆ ನಡೆಯುತ್ತಿತ್ತು? ಓದುವ ಕನ್ನಡಕ ಹಾಕಿಕೊಂಡು ಡಬ್ಬಿಯೊಳಗೆ ಮುಖ ತೂರಿಸಿದೆ. ಆಗ ಕಂಡಿತು. ನಾನು ಹಾಕದ ಒಂದು ಕೆಂಪು ತಂತಿ ಅಡಾಪ್ಟರಿನಿಂದ ಹೊರಟು, ರೆಗ್ಯುಲೇಟರಿನ ಮಗ್ಗುಲಿಗೇ ಹಾಯದೆ, ನೇರ ನಾಲ್ಕೂ ರಿಲೇಗಳ ಸುರುಳಿಗೆ ಹೋಗಿತ್ತು. ರಿಲೇಗಳು ನಾನು ಹಾಕಿದವುಗಳ ಹಾಗೇ ಇದ್ದವು, ಅದೇ ನೀಲಿ, ಅದೇ ಗಾತ್ರ. ಅವುಗಳ ನೆತ್ತಿಯ ಮೇಲೆ ಎಳ್ಳುಕಾಳಿನಂಥ ಅಕ್ಷರದಲ್ಲಿ ನಾನು ತಂದಾಗ ಐದು ಎಂದು ಇತ್ತು. ಈಗ ಹನ್ನೆರಡು ಎಂದು ಇತ್ತು.

ಹನ್ನೆರಡು. ಬಾರಾ.

ಫೋನ್ ತೆಗೆದು ಉಸ್ತಾದರಿಗೆ ಹಚ್ಚಿದೆ. "ಉಸ್ತಾದ್, ರಿಲೇ ಬದಲ್ ಮಾಡೀರೇನು?"

"ಅರೇ, ಬೋಲ್ಯಾ ಥಾ ನಾ ಮಾಸ್ಟರ್ ಸಾಬ್! ಬಾರಾ ಪೋ ಲಗಾ ದಿಯಾ ಬೋಲ್ಯಾ, ಹನ್ನೆರಡ್ ವೋಲ್ಟಿನ ಮ್ಯಾಲ ಹಾಕೀನಿ ಅಂದೆ. ಆಪ್ ಗಡಿಯಾರ ನೋಡಿ ಹೊತ್ತಾತು ಬೋಲೇ."

"ಮತ್ತ ಠಂಡಾ ಅಂದ್ರಲ್ಲ?"

ಆ ಕಡೆಯಿಂದ ಕೆಮ್ಮಿನ ಜೊತೆ ಬೆರೆತ ನಗು ಬಂತು. "ಅಬ್ ಠಂಡಾ ರಹತಾ ಬೋಲ್ಯಾ ಸಾಬ್, ಇನ್ನ ಅದು ತಣ್ಣಗ ಇರ್ತದ ಅಂದೆ. ಆಪ್ ಗಂಟಲಾ ಹಿಡೀತದ ಬೋಲೇ. ನಾ ಅಂದ್ಕೊಂಡೆ, ಮಾಸ್ಟರ್ ಸಾಬ್‌ಗ ಇವತ್ತ ಜಾಸ್ತಿ ಬಿಸಲು ಬಡದದ."

ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಮಾಡಿದೆ. ಹನ್ನೆರಡು ವೋಲ್ಟಿನ ಸುರುಳಿಯ ತಡೆ ನಾನೂರು ಓಮ್. ಅದು ಎಳೆಯುವುದು ಮೂವತ್ತು ಮಿಲಿಆಂಪಿಯರ್. ತಿನ್ನುವ ವ್ಯಾಟು ಅಷ್ಟೇ, ಅದೇ ಗುಬ್ಬಿಯ ಊಟ. ಆದರೆ ಈಗ ಗುಬ್ಬಿಗಳು ನೇರ ಕಣಜದಿಂದಲೇ ತಿನ್ನುತ್ತಿದ್ದವು. ರೆಗ್ಯುಲೇಟರಿನ ಪಾಲಿಗೆ ಉಳಿದದ್ದು ಆ ಪುಟ್ಟ ಚಿಪ್ಪಿನ ಹದಿನೈದು ಮಿಲಿಆಂಪಿಯರ್ ಮಾತ್ರ. ಏಳರಿಂದ ಗುಣಿಸಿ, ಅರವತ್ತೈದರಿಂದ ಗುಣಿಸಿದರೆ ಏಳೇ ಏಳು ಡಿಗ್ರಿ ಏರಿಕೆ. ನಾನು ನಲವತ್ತಮೂರು ಎಂದು ಬರೆದ ಕೋಣೆಯಲ್ಲಿ ಕೂಲರು ಇತ್ತು. ಆ ಕೂಲರನ್ನು ನಡೆಸುತ್ತಿದ್ದದ್ದು ಈ ಡಬ್ಬಿಯೇ. ತನ್ನ ಕೋಣೆಯನ್ನು ತಾನೇ ತಂಪು ಮಾಡಿಕೊಂಡು ಕೂತಿತ್ತು. ಎದುರಿಗಿದ್ದ ವಸ್ತುವನ್ನು ಬಿಟ್ಟು ನಾನು ಮೂರು ದಿನ ನೋಟ್‌ಬುಕ್ಕಿನ ಡಬ್ಬಿಗೆ ಬೆಂಕಿ ಹಚ್ಚಿಕೊಂಡು ಕೂತಿದ್ದೆ.

ಮಾವನ ಮಂಚದ ಅಂಚಿಗೆ ಕೂತೆ. ನಗು ಬಂತು, ನಿಲ್ಲಲಿಲ್ಲ. ಬೈಯುತ್ತಿದ್ದ ಮಾವನೂ ನಗತೊಡಗಿದರು, ನಕ್ಕರೆ ತೊಡೆ ನೋಯುತ್ತದೆ ಎಂದು ಮತ್ತೆ ಬೈದರು. ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ತೆರೆದ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹತ್ತಿರ ಬಂದು ಅಂಗೈಯ ಹಿಂಬದಿಯನ್ನು ನನ್ನ ಹಣೆಗೆ ಇಟ್ಟಳು.

"ಡಬ್ಬಿ ತಣ್ಣಗ ಅದ. ಕಾದದ್ದು ನಿನ್ನ ತಲಿ" ಅಂದಳು.

ಕುಬಸದ ವಿಷಯ ಮಾತ್ರ ನಾನು ಬಿಡಲಿಲ್ಲ. ತಣ್ಣಗಿದ್ದರೂ ಕರೆಂಟಿನ ಡಬ್ಬಿಗೆ ಗಾಳಿ ಬೇಕು ಎಂದು ಹಟ ಹಿಡಿದೆ. ಮಿಕ್ಸರಿಗೆ ಇರಲಿ, ಟಿ.ವಿ.ಗೂ ಇರಲಿ, ಇದು ಬರಿಮೈಯಲ್ಲಿರಲಿ ಎಂದೆ. ಅಕ್ಕ ಸುಲಭವಾಗಿ ಒಪ್ಪಲಿಲ್ಲ. ಕೊನೆಗೆ ಆ ಕುಬಸವನ್ನು ಬಿಚ್ಚಿ ಮಡಚಿ, ಮಾವನ ಮುರಿದ ಕಾಲಿನ ಹಿಮ್ಮಡಿಯ ಕೆಳಗೆ ಮೆತ್ತಗೆ ಇಟ್ಟಳು. ನಾನು ಒಯ್ದಿದ್ದ ಹೀಟ್‌ಸಿಂಕನ್ನು ತಿರುಗಿಸಿ ನೋಡಿ, ಅದರ ಹಲ್ಲುಗಳ ಸಂದಿನಲ್ಲಿ ಊದುಬತ್ತಿ ಸಿಗಿಸಿ ದೇವರ ಜಗಲಿಯ ಮೇಲೆ ಕೂರಿಸಿದಳು. ಬಿಸಿ ಹೊರಲೆಂದೇ ಹುಟ್ಟಿದ ವಸ್ತು, ತಪ್ಪು ಜಾಗವೇನಲ್ಲ.

ಹೊರಡುವಾಗ ಅಕ್ಕ ಚೀಲಕ್ಕೆ ಕೆಂಪು ಬಾಳೆಹಣ್ಣು ತುಂಬುತ್ತಿದ್ದಳು. ಒಳಗೆ ಟಕ್ ಎಂದು ರಿಲೇ ಸದ್ದಾಗಿ ಬೆಲ್ಲು ಬಾರಿಸಿತು. "ನಡೀತದ ರೀ!" ಎಂದು ಕೂಗಿ, ಹಣ್ಣಿನ ಮೇಲಿನ ಕಣ್ಣು ತೆಗೆಯದೆ ನನಗೆ ಕೇಳಿದಳು: "ಇನ್ನ ಡಬ್ಬಿದ್ದೇನೂ ಚಿಂತಿ ಇಲ್ಲಂತಾತು. ಇನ್ಮ್ಯಾಗ ನಿಂದು ಫೋನ್ ಬಂದ್ ಏನು?"

"ಹಂಗೇನಿಲ್ಲ ಬಿಡು" ಎಂದು ನಕ್ಕು ಬಸ್ಸು ಹತ್ತಿದೆ. ಕಿಟಕಿಯ ಪಕ್ಕವೇ ಸಿಕ್ಕಿತು. ಸಂಜೆಯ ಗಾಳಿಯೂ ಬಿಸಿಯಾಗಿಯೇ ಇತ್ತು, ಆದರೆ ಮುಖಕ್ಕೆ ಹಿತವಾಗಿತ್ತು. ಒಂದು ಹಣ್ಣು ಸುಲಿದೆ. ಡಬ್ಬಿ ಗೋಡೆ ಹತ್ತುವ ಮೊದಲು ನಾನು ಅಕ್ಕನಿಗೆ ಎಷ್ಟು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದೆ? ತಿಂಗಳಿಗೆ ಒಂದು ಸಲವಿದ್ದೀತು, ಅದೂ ಏನಾದರೂ ಕೆಲಸವಿದ್ದರೆ. ಎರಡನೆಯ ಹಣ್ಣು ಸುಲಿಯುವ ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ವರಾಂಡದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ನೂರಾ ಎಂಬತ್ತನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದೆ. ಗಡಿಯಾರ ಹತ್ತು ತೋರಿಸುತ್ತಿತ್ತು. ಕೇಳಲು ಏನೂ ಇರಲಿಲ್ಲ. ಆದರೂ ಬೆರಳು ತಾನೇ ಹೋಗಿ ನಂಬರು ಒತ್ತಿತು.

"ಅಕ್ಕಾ, ಡಬ್ಬಿ ಹೆಂಗದ?"

ಆ ಕಡೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನಡುವೆ ಟ್ರಿಣ್ ಎಂದು ಸದ್ದಾಯಿತು. ಮಾವನ ಬೆಲ್ಲು.

"ತಡಿ, ಮುಟ್ಟಿ ನೋಡಿ ಬರ್ತೀನಿ" ಅಂದಳು. ಅವಳು ಪಡಸಾಲೆ ದಾಟಿ ಹೋಗಿ ಬಂದದ್ದು ನನಗೆ ಕೇಳಿಸಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿರಲೂ ಇಲ್ಲ. "ಉಗುರಬೆಚ್ಚಗ ಅದ ನೋಡಪ್ಪ. ಎರಡು ಗಂಟೆಕ ಮತ್ತ ಫೋನ್ ಮಾಡು, ನೋಡಿ ಹೇಳ್ತೀನಿ."